ಹಬ್ಬದ ಸುಣ್ಣ

ಯಲಹಂಕ
6 ನವೆಂಬರ್ 1960

ಚಿ. ಮುನಿಕೃಷ್ಣಮ್ಮನಿಗೆ,

ಉಭಯ ಕುಶಲೋಪರಿ ಎಂದು ಶುರು ಮಾಡುವುದು ನನ್ನ ಅಭ್ಯಾಸ. ಈ ಸಲ ಆಗುವುದಿಲ್ಲ. ನಿನ್ನ ಕುಶಲ ನನಗೆ ಗೊತ್ತಿಲ್ಲ. ಕೋಗಿಲು ಹಳ್ಳಿಯಲ್ಲಂತೂ ಯಾರೂ ಕುಶಲವಾಗಿಲ್ಲ.

ಯಲಹಂಕದಲ್ಲಿ ರೈಲು ಹತ್ತಿದವನು ಬಾಯಲ್ಲಿರುವ ಎಲೆಅಡಿಕೆ ಮುಗಿಯುವಷ್ಟರಲ್ಲಿ ಯಶವಂತಪುರದಲ್ಲಿ ಇಳಿಯಬಹುದು. ಆದರೂ ಅಪ್ಪ ಮಗಳು ಅಂಚೆಯಲ್ಲಿ ಮಾತಾಡುತ್ತಾರೆ ಎಂದು ಪೋಸ್ಟ್‌ಮನ್ ನಗುತ್ತಾನೆ. ನಗಲಿ. ನೀನು ಸರ್ಕಾರಿ ಕೆಲಸ ಹಿಡಿದಾಗ "ರೋಗಿಯ ನಾಲಗೆ ನೋಡದ ಡಾಕ್ಟರು ನನ್ನ ಹೊಸಿಲು ತುಳಿಯಬೇಕಾಗಿಲ್ಲ" ಎಂದು ನಾನು ಅಂದದ್ದು ಹೌದು, ನೀನು ಆ ಮಾತನ್ನು ಗಂಟು ಕಟ್ಟಿಕೊಂಡು ಹೋದದ್ದೂ ಹೌದು. ನಿನಗೆಂದು ನನ್ನ ಡಾಕ್ಟರ್ ಶಾಪಿನಲ್ಲಿ ಹಾಕಿಸಿದ ಎರಡನೇ ಕುರ್ಚಿಯಲ್ಲಿ ಈಗ ಬೆಕ್ಕು ಮಲಗುತ್ತದೆ. ಅದಿರಲಿ. ಇದು ಮನೆಜಗಳದ ಕಾಗದವಲ್ಲ. ನಿಮ್ಮ ಮಲೇರಿಯ ಆಫೀಸಿನ ಮೇಲಿನ ಜಗಳದ ಕಾಗದ.

ಸೆಪ್ಟೆಂಬರಿನಲ್ಲಿ ನಿಮ್ಮ ಪಿಚಕಾರಿ ಪಡೆ ಕೋಗಿಲಿಗೆ ಬಂತು. ಪಾತ್ರೆ ಪಡಗವನ್ನೆಲ್ಲ ಹೊರಗಿಡಿಸಿ, ಒಳಗೋಡೆಗೆ ಡಿ.ಡಿ.ಟಿ. ಹೊಡೆದು, ಬಾಗಿಲ ಮೇಲೆ ತಾರೀಖು ಗೀಚಿ ಹೋಯಿತು. ಔಷಧಿ ತಿಂಗಳುಗಟ್ಟಲೆ ಗೋಡೆಯ ಮೇಲೆ ಇರುತ್ತದೆ, ಅಲ್ಲಿ ಕೂತ ಸೊಳ್ಳೆ ಸಾಯುತ್ತದೆ ಎಂದು ನಿಮ್ಮ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಬಂದದ್ದು ಯಾವಾಗ? ಮಾರ್ನಮಿ ಹಬ್ಬದ ಹಿಂದಿನ ವಾರ! ಮಾರ್ನಮಿಗೆ ಮುಂಚೆ ನಿನ್ನ ಅಜ್ಜಿ ಏನು ಮಾಡುತ್ತಿದ್ದಳು, ಮರೆತೆಯಾ? ಹಿರಿಯರಿಗೆ ಎಡೆ ಇಡುವ ಮನೆಯಲ್ಲಿ ಗೋಡೆ ಬೆಳ್ಳಗಿರಬೇಕು. ನಿಮ್ಮವರು ಬೆನ್ನು ತಿರುಗಿಸಿದ್ದೇ ತಡ, ಊರಿನ ಹೆಂಗಸರೆಲ್ಲ ಸುಣ್ಣದ ಗಡಿಗೆ ಇಳಿಸಿದರು. ಔಷಧಿಯ ಕಲೆ ಮುಚ್ಚಲಿ ಎಂದು ಇನ್ನೊಂದು ಕೈ ಜಾಸ್ತಿಯೇ ಬಳಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಸರ್ಕಾರದ ಕೆಲಸ.

ಈಗ ಮನೆಮನೆಯಲ್ಲೂ ಚಳಿಜ್ವರ. ದಿನ ಬಿಟ್ಟು ದಿನ ಕಂಬಳಿ ಹೊದ್ದು ನಡುಗುತ್ತಾರೆ. ನಾನು ಬೆರಳು ಚುಚ್ಚಿ, ರಕ್ತವನ್ನು ಗಾಜಿನ ಮೇಲೆ ಸವರಿ, ಯಶವಂತಪುರದ ಕಡೆ ಹೊರಟಿದ್ದ ಜಟಕಾ ಖಾದರ್ ಬಾಷಾನ ಕೈಲಿ ನಿಮ್ಮ ಆಫೀಸಿಗೆ ಕಳಿಸಿದೆ. ನಿಮ್ಮ ಗುಮಾಸ್ತ ಹಾಗೆಯೇ ವಾಪಸು ಕಳಿಸಿದ. ಖಾಸಗಿ ಡಾಕ್ಟರ ಗಾಜು ತೆಗೆದುಕೊಳ್ಳುವುದಿಲ್ಲವಂತೆ, ನಿಮ್ಮ ಸಿಬ್ಬಂದಿ ತಂದದ್ದು ಮಾತ್ರ ರಕ್ತವಂತೆ. ಆ ಸಿಬ್ಬಂದಿಯನ್ನು ನಾನು ಕಂಡಿದ್ದೇನೆ. ಊರಬಾಗಿಲಲ್ಲಿ ಸೈಕಲ್ಲಿನಿಂದ ಇಳಿಯದೆ "ಯಾರಿಗಾದ್ರೂ ಜ್ವರ ಐತೇನ್ರಪ್ಪೋ" ಎಂದು ಕೂಗಿ ಹೋಗುತ್ತಾನೆ. ಹೊಲಕ್ಕೆ ಹೋದವರು ಅಲ್ಲಿಂದಲೇ ಉತ್ತರ ಕೊಡಬೇಕೇನು? ಖಾದರ್ ಬಾಷಾ ಬಂದವನೇ ಚಾವಟಿ ಎಸೆದು ಕೂತ. "ಏನ್ ಡಾಕ್ಟರ್ ಸಾಬ್, ಬಡವ್ರ ರಗತಕ್ಕೂ ರೇಷನ್ ಕಾರ್ಡ್ ಕೇಳ್ತಾರಲ್ಲ ಇವ್ರು!" ಅಂದ. 

ಅದೇ ಗಾಜುಗಳನ್ನು ಈಗ ನಿನ್ನ ಹೆಸರಿಗೇ ಕಳಿಸುತ್ತಿದ್ದೇನೆ. ಡಾಕ್ಟರಾಗಿ ನೋಡು, ಆಫೀಸರಾಗಿ ಬೇಡ. ಮುಂದಿನ ಸಲ ಹಬ್ಬ ಮುಗಿದು, ಸುಣ್ಣ ಒಣಗಿದ ಮೇಲೆ ಬನ್ನಿ. ಕೇಳುವುದು ಇಷ್ಟೇ.

ನಿನ್ನಪ್ಪ,
ಬ್ಯಾಟರಾಯಪ್ಪ, ಎಲ್.ಎಂ.ಪಿ.

*

ಯಶವಂತಪುರ
20 ನವೆಂಬರ್ 1960

ಅಪ್ಪನವರಿಗೆ ನಮಸ್ಕಾರ.

ಗಾಜುಗಳನ್ನು ಊಟದ ಬಿಡುವಿನಲ್ಲಿ ಕೂತು ನಾನೇ ನೋಡಿದೆ. ನಿಮ್ಮ ಅನುಮಾನ ಸರಿ. ಅರ್ಧಕ್ಕಿಂತ ಹೆಚ್ಚು ಗಾಜುಗಳಲ್ಲಿ ಮಲೇರಿಯದ ಜೀವಿಗಳಿವೆ. ಕೆಲವುಗಳಲ್ಲಿ ಇರುವುದು ಕೆಟ್ಟ ಜಾತಿಯದು, ಮಿದುಳಿಗೆ ಏರುವಂಥದ್ದು. ಯಾರಿಗೆ ಎಷ್ಟು ಮಾತ್ರೆ ಎಂದು ಬರೆದು, ಮಾತ್ರೆಗಳನ್ನೂ ಇದರ ಜೊತೆ ಕಳಿಸಿದ್ದೇನೆ. ನನ್ನ ಕೈಯಿಂದ ಕೊಂಡದ್ದು, ಸರ್ಕಾರದ್ದಲ್ಲ. ಹಾಗಾಗಿ ಗುಮಾಸ್ತನನ್ನು ಬೈಯುವ ತೊಂದರೆ ತೆಗೆದುಕೊಳ್ಳಬೇಡಿ.

ನಮ್ಮ ಸಾಹೇಬರ ಮುಂದೆಯೂ ವಿಷಯ ಇಟ್ಟೆ. ಒಬ್ಬ ಖಾಸಗಿ ಡಾಕ್ಟರ ಗಾಜು ಒಪ್ಪಿದರೆ ನಾಳೆ ಎಲ್ಲರದ್ದೂ ಒಪ್ಪಬೇಕಾಗುತ್ತದೆ ಎಂದರು. ಹಾಗಾಗಿ ನಮ್ಮ ವರದಿಯ ಪ್ರಕಾರ ಕೋಗಿಲಿನಲ್ಲಿ ಮಲೇರಿಯ ಇಲ್ಲ. ಇದನ್ನು ಬರೆಯುವಾಗ ನನಗೂ ಮೈ ಉರಿಯುತ್ತದೆ, ನಿಮಗೊಬ್ಬರಿಗೇ ಅಲ್ಲ.

ಆದರೆ ಒಂದು ಮಾತು. ನಿಮ್ಮ ಶಾಪಿನ ಮೆಟ್ಟಿಲು ಹತ್ತಿದವರಿಗೆ ನೀವು ದೇವರು. ಹತ್ತದವರಿಗೆ? ತಣಿಸಂದ್ರದಲ್ಲೋ ಬ್ಯಾಟರಾಯನಪುರದಲ್ಲೋ ಯಾವ ಡಾಕ್ಟರ ಮುಖವನ್ನೂ ಕಾಣದೆ ನಡುಗಿ ಸತ್ತವರ ನಾಲಗೆಯನ್ನು ಯಾರು ನೋಡಿದರು? ನಾನು ಚಿಕ್ಕವಳಿದ್ದಾಗ ನಿಮ್ಮ ಶಾಪಿನ ಜಗಲಿಯ ಮೇಲೆ ಪ್ರತಿ ವರ್ಷ ಅದೇ ಜನ, ಅದೇ ಜ್ವರ, ಅದೇ ಕಹಿ ಕ್ವಿನೈನು. ನೀವು ವಾಸಿ ಮಾಡಿ ಕಳಿಸುತ್ತಿದ್ದಿರಿ, ಸೊಳ್ಳೆ ಮತ್ತೆ ನಿಮ್ಮ ಹತ್ತಿರಕ್ಕೇ ಕಳಿಸುತ್ತಿತ್ತು. ಅದು ನನಗೆ ಸಾಕಾಗಿತ್ತು. ನಾನು ಈ ಕೆಲಸಕ್ಕೆ ಬಂದದ್ದು ಅದಕ್ಕೆ, ನಿಮ್ಮ ಮೇಲಿನ ಹಟಕ್ಕಲ್ಲ.

ಸುಣ್ಣ ಬಳಿಯಬಾರದು ಎಂದು ಜನಕ್ಕೆ ತಿಳಿಸಲು ಕರಪತ್ರ ಅಚ್ಚಾಗುತ್ತಿದೆ. ದಯವಿಟ್ಟು ಹಂಚಿ.

ಇತಿ,
ಡಾ. ಮುನಿಕೃಷ್ಣಮ್ಮ
ಸಹಾಯಕ ವೈದ್ಯಾಧಿಕಾರಿ

*

ಯಲಹಂಕ
22 ಜನವರಿ 1961

ಸಹಾಯಕ ವೈದ್ಯಾಧಿಕಾರಿಗಳವರ ಸನ್ನಿಧಾನಕ್ಕೆ,

ನಿನ್ನ ಸಹಿ ನೋಡಿ ನಿಮ್ಮಮ್ಮ ಗೌರಮ್ಮ ನಕ್ಕೂ ನಕ್ಕೂ ಸುಸ್ತಾದಳು. "ನಾನು ಹೆತ್ತದ್ದು ಕಿಟ್ಟಮ್ಮನ್ನ, ಈ ಅಧಿಕಾರಿ ಯಾರ ಮಗಳು?" ಎಂದು ಕೇಳುತ್ತಿದ್ದಾಳೆ.

ಮಾತ್ರೆ ಕೆಲಸ ಮಾಡಿತು. ಜ್ವರ ಇಳಿದಿದೆ. ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು.

ಕರಪತ್ರವೂ ಬಂತು. "ಗೃಹಭಿತ್ತಿಗಳಿಗೆ ಸುಧಾಲೇಪನವನ್ನು ನಾಗರಿಕರು ವರ್ಜಿಸತಕ್ಕದ್ದು." ಯಾರಪ್ಪಾ ಇದನ್ನು ಬರೆದ ಪುಣ್ಯಾತ್ಮ? ನಾನೇ ಎರಡು ಸಲ ಓದಬೇಕಾಯಿತು. ಕೋಗಿಲಿನ ದೊಡ್ಡಮುನಿಯಮ್ಮ ಅದನ್ನು ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ್ದಾಳೆ. ಕಾಗದ ದಪ್ಪವಾಗಿದೆ ಎಂದು ಮೆಚ್ಚಿಕೊಂಡಳು. ಹಂಚಿದ್ದು ವ್ಯರ್ಥವಾಗಲಿಲ್ಲ.

ಅವಳ ಮನೆಯ ಸುದ್ದಿಯೇ ಈ ಕಾಗದದ ಮುಖ್ಯ ಸುದ್ದಿ. ದೊಡ್ಡಮುನಿಯಮ್ಮನ ಸೊಸೆ ನಮ್ಮ ಮಾರಕ್ಕ ಬಸುರಿ. ಹೌದು, ನಿನ್ನ ಮಾರಕ್ಕನೇ. ನಮ್ಮ ಬೀದಿಯಲ್ಲಿ ನಿನ್ನ ಜೊತೆ ಕುಂಟೆಬಿಲ್ಲೆ ಆಡಿ, ನಿನ್ನ ಸ್ಲೇಟು ಒಡೆದು, ನೀನು ಅಳುವ ಮುಂಚೆ ತಾನೇ ಅತ್ತವಳು. ಬೈರಣ್ಣನ ಕೈ ಹಿಡಿದು ಕೋಗಿಲಿಗೆ ಹೋದ ಮೇಲೆ ಮಕ್ಕಳಿಲ್ಲವೆಂದು ವರ್ಷಾನುಗಟ್ಟಲೆ ಅವಳು ಅನ್ನಿಸಿಕೊಂಡ ಮಾತುಗಳನ್ನು ನಾನು ಕೇಳಿದ್ದೇನೆ. ಮೈಯಲ್ಲಿ ರಕ್ತ ಕಡಿಮೆ. ಮಾರ್ನಮಿ ಜ್ವರದಲ್ಲಿ ಅವಳೂ ಮಲಗಿದ್ದಳು. ನಾಡಿ ಹಿಡಿದು ನಾನು ವಿಷಯ ಹೇಳಿದಾಗ ಸೆರಗು ಬಾಯಿಗೆ ಇಟ್ಟುಕೊಂಡು, "ಕಿಟ್ಟಮ್ಮಂಗೆ ಬರೀರಿ ಡಾಕ್ಟ್ರಪ್ಪ, ಎರಿಗೆಗೆ ಅವ್ಳೇ ಬರ್ಬೇಕು ಅಂತ" ಅಂದಳು. ಹೆರಿಗೆ ಮಾಡಿಸುವುದು ನಿನಗಿನ್ನೂ ನೆನಪಿದೆ ತಾನೇ?

ಈಗ ಕೇಳು. ಈ ವರ್ಷ ಯುಗಾದಿಯೂ ರಂಜಾನ್ ಹಬ್ಬವೂ ಮಾರ್ಚಿಯಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತಿವೆ. ಹಿಂದೂ ಮನೆ ಮುಸಲ್ಮಾನರ ಮನೆ ಅನ್ನದೆ ಇಡೀ ಸೀಮೆ ಒಂದೇ ವಾರದಲ್ಲಿ ಸುಣ್ಣ ಬಳಿಯುತ್ತದೆ. ನಿಮ್ಮ ಪಿಚಕಾರಿ ಅದಕ್ಕೆ ಮುಂಚೆ ಬಂದರೆ ಈ ಸಲ ಒಂದು ಗೋಡೆಯೂ ಉಳಿಯುವುದಿಲ್ಲ. ಬಸುರಿಗೆ ಆ ಕೆಟ್ಟ ಜಾತಿಯ ಜ್ವರ ಬಂದರೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ತಾರೀಖು ತಿದ್ದಿಸು.

ಅಪ್ಪ

*

ಯಶವಂತಪುರ
16 ಫೆಬ್ರವರಿ 1961

ಅಪ್ಪಾ,

ಮಾರಕ್ಕನಿಗೆ ಹೇಳಿ, ಖಂಡಿತ ಬರುತ್ತೇನೆ ಅಂತ. ಸ್ಲೇಟಿನ ಬಾಕಿ ವಸೂಲು ಮಾಡದೆ ಬಿಡುವುದಿಲ್ಲ ಅಂತಲೂ ಹೇಳಿ.

ತಾರೀಖು ತಿದ್ದಿಸಲು ಆಗಲಿಲ್ಲ. ಮಾರ್ಚಿ ಮೊದಲ ವಾರವೇ ಹೊಡೆಯಬೇಕಂತೆ. ಕಾರಣ ಕೇಳಿದರೆ ನಿಮಗೆ ರಕ್ತದೊತ್ತಡ ಏರುತ್ತದೆ, ಕೂತು ಓದಿ. ಮಾರ್ಚಿ ಕೊನೆಗೆ ಸರ್ಕಾರದ ವರ್ಷ ಮುಗಿಯುತ್ತದೆ. ಈ ವರ್ಷದ ಡಿ.ಡಿ.ಟಿ. ಈ ವರ್ಷವೇ ಖರ್ಚಾಗಬೇಕು. ಉಳಿದರೆ ಮೇಲಿನವರು ಯಾಕೆ ಉಳಿಯಿತು ಎಂದು ಕೇಳುತ್ತಾರೆ. ಗೋಡೆಯ ಮೇಲೆ ಉಳಿಯಿತೇ ಎಂದು ಯಾರೂ ಕೇಳುವುದಿಲ್ಲ.

ಹಬ್ಬದ ವಿಷಯ ನಾನು ಹೇಳಿದಾಗ ಸಾಹೇಬರು ಮೀಟಿಂಗಿನಲ್ಲಿ ಎಲ್ಲರ ಮುಂದೆ, "ಏನಮ್ಮಾ, ಭಾರತ ಸರ್ಕಾರ ಇನ್ನು ಮೇಲೆ ಪಂಚಾಂಗ ನೋಡಿ ಸೊಳ್ಳೆ ಹೊಡೀಬೇಕಾ?" ಎಂದರು. ಎಲ್ಲರೂ ನಕ್ಕರು. ನಾನು ಕೂತುಕೊಳ್ಳಲಿಲ್ಲ, ನಿಂತೇ ಇದ್ದೆ. ಆದರೂ ಏನೂ ಆಗಲಿಲ್ಲ. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಆ ಊರಿನಲ್ಲಿ ನನ್ನ ಕರಪತ್ರಕ್ಕಿಂತ ನಿಮ್ಮ ಮಾತು ನಡೆಯುತ್ತದೆ. ಈ ಒಂದು ವರ್ಷ ಸುಣ್ಣ ಬೇಡ ಅಂತ ಹೇಳಿ. ಊರೆಲ್ಲ ಕೇಳದಿದ್ದರೂ ದೊಡ್ಡಮುನಿಯಮ್ಮ ಕೇಳಲಿ. ಮಾರಕ್ಕ ಮಲಗುವ ಕೋಣೆಯ ಗೋಡೆಯನ್ನಾದರೂ ಬಿಡಲಿ.

ಮುನಿಕೃಷ್ಣಮ್ಮ

*

ಯಲಹಂಕ
26 ಮಾರ್ಚ್ 1961

ಚಿ. ಕಿಟ್ಟಮ್ಮ,

ಸೊಳ್ಳೆಗಳಿಗೂ ಬಜೆಟ್ ಓದಿ ಹೇಳಿದ್ದೀರಾ? ಮಾರ್ಚಿ ಮೂವತ್ತೊಂದಕ್ಕೆ ಅವೂ ಲೆಕ್ಕ ಮುಗಿಸುತ್ತವೆಯೇ? ಇದಕ್ಕಿಂತ ಜಾಸ್ತಿ ಬರೆದರೆ ಪೋಸ್ಟ್‌ಮನ್ ಓದಲಾಗದ ಮಾತು ಬರುತ್ತದೆ, ಬಿಡುತ್ತೇನೆ.

ನೀನು ಹೇಳಿದಂತೆ ಹೋದೆ. ನಿಮ್ಮವರು ಔಷಧಿ ಹೊಡೆದು ಹೋದ ಮರುದಿನದಿಂದಲೇ ಶಾಪು ಮುಚ್ಚಿ, ಖಾದರ್ ಬಾಷಾನ ಜಟಕಾ ಹತ್ತಿ ಮನೆಮನೆ ತಿರುಗಿದೆ. ಇಷ್ಟು ವರ್ಷ ನಾನು ಹೇಳಿದ ಪಥ್ಯವನ್ನೆಲ್ಲ ಮಾಡಿದ ಜನ. ಅನ್ನ ಬಿಡು ಅಂದರೆ ಬಿಟ್ಟವರು, ಹೆಂಡ ಬಿಡು ಅಂದರೆ ನನ್ನೆದುರಿಗಾದರೂ ಬಿಟ್ಟವರು. ಸುಣ್ಣ ಬಿಡಿ ಅಂದರೆ ಒಬ್ಬರೂ ಒಪ್ಪಲಿಲ್ಲ. ಮೊದಲು ಖಾದರ್ ಬಾಷಾನ ಹೆಂಡತಿಗೇ ಹೇಳಿದೆ. "ಈದ್‌ಕು ಚೂನಾ ನೈ ಮಾರೇ ತೋ ಕೈಸಾ ಡಾಕ್ಟರ್ ಸಾಬ್? ಸುಣ್ಣ ಇಲ್ದೆ ಈದ್ ಮಾಡಿದ್ರೆ ಜನ ಏನ್ ಅಂತಾರೆ?" ಅಂದಳು. ಗಂಡ ಕುದುರೆಗೆ ಹುಲ್ಲು ಹಾಕುವ ನೆಪದಲ್ಲಿ ಆಚೆ ಹೋದ.

ಆಮೇಲೆ ದೊಡ್ಡಮುನಿಯಮ್ಮ. ಜಗಲಿಯ ಮೇಲೆ ಸುಣ್ಣ ಕಲಸುತ್ತಾ ಕೂತಿದ್ದಳು. ಮಾರಕ್ಕನ ಕೋಣೆಯೊಂದನ್ನು ಬಿಡು ತಾಯಿ ಎಂದು ಕೈ ಮುಗಿದೆ. ಅವಳು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು.

"ಏನ್ ಮಾತು ಅಂತ ಆಡ್ತೀಯ ಡಾಕ್ಟ್ರಪ್ಪ? ಇಷ್ಟ್ ವರ್ಸಕ್ಕೆ ಸೊಸೆ ಬಸ್ರಿ ಆಗವ್ಳೆ. ಅಬ್ಬದ ದಿನ ಅವ್ಳ ಕೋಣೆ ಗೋಡೆನೇ ಮಾಸ್ಕೊಂಡಿರ್ಬೇಕಾ? ಸುಣ್ಣ ಬಳೀದೆ ಬಿಡಾಕೆ ಇದೇನ್ ಸಾವಾದ ಮನೆನಾ?"

ಮೊದಲೇ ಸುಣ್ಣ ಬಳಿದು ಆಮೇಲೆ ಔಷಧಿ ಹೊಡೆಸಿಕೊಳ್ಳಬಹುದಿತ್ತಲ್ಲ ಎಂದೆ. "ಔಷ್ದಿ ಕಲೆ ಮೇಲೆ ಅಬ್ಬ ಮಾಡದಾ?" ಅಂದಳು. ಮಾರಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಪಾಪ, ಅವಳು ಏನು ಹೇಳಿಯಾಳು? ಅತ್ತೆ ಜೀವನದಲ್ಲಿ ಮೊದಲ ಸಲ ಅವಳ ಕೋಣೆಗೆಂದು ಸುಣ್ಣಕ್ಕೆ ನೀಲಿ ಬೆರೆಸುತ್ತಿದ್ದಳು.

ನನಗೆ ದೊಡ್ಡಮುನಿಯಮ್ಮನ ಮೇಲೆ ಸಿಟ್ಟಿಲ್ಲ. ಅವಳಿಗೆ ಹಬ್ಬ ಬಿಡು ಅನ್ನುವುದು ನನಗೆ ಕಷ್ಟವಾಯಿತು, ನಿಮಗೆ ಹಬ್ಬ ಮುಗಿದ ಮೇಲೆ ಬರುವುದು ಕಷ್ಟವಾಯಿತು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೇಗಿಲು ಹಿಡಿದವಳು ಮಾರಕ್ಕ.

ಬಾಗಿಲ ಮೇಲೆ ನಿಮ್ಮವರು ಗೀಚಿದ ತಾರೀಖು ಮಾತ್ರ ಹಾಗೆಯೇ ಇದೆ. ಬಾಗಿಲಿಗೆ ಯಾರೂ ಸುಣ್ಣ ಬಳಿಯುವುದಿಲ್ಲ ನೋಡು.

ಅಪ್ಪ

*

(ಕಾರ್ಡು)

ಯಲಹಂಕ
11 ಜೂನ್ 1961

ಕಿಟ್ಟಮ್ಮ,

ಮಾರಕ್ಕನಿಗೆ ಜ್ವರ. ನಿನ್ನೆಯಿಂದ ಮಾತು ತೊದಲುತ್ತಿದೆ. ಮಾತ್ರೆ ಒಳಗೆ ನಿಲ್ಲುತ್ತಿಲ್ಲ, ಕ್ವಿನೈನ್ ಚುಚ್ಚಿದ್ದೇನೆ. ನಗರದ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೇನೆ. ಸಿಕ್ಕಿದ ತಕ್ಷಣ ಬಾ.

ಅಪ್ಪ

*

ಯಶವಂತಪುರ
25 ಜೂನ್ 1961

ಅಪ್ಪಾ,

ಕಾರ್ಡು ನನ್ನ ಕೈಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಕೋಗಿಲಿಗೆ ಬಂದಾಗ ಚಟ್ಟ ಕಟ್ಟುತ್ತಿದ್ದರು. ಹೊಟ್ಟೆಯಲ್ಲಿದ್ದದ್ದೂ ಅವಳ ಜೊತೆಗೇ ಹೋಯಿತು ಎಂದು ಹೆಂಗಸರು ಹೇಳಿದರು. ನೀವು ಜಗಲಿಯ ಆ ತುದಿಯಲ್ಲಿ ಕೂತಿದ್ದಿರಿ. ನನ್ನ ಕಡೆ ನೋಡಲಿಲ್ಲ. ನಾನೂ ಬಂದು ಕೂರಲಿಲ್ಲ. ಒಳಗೆ ಅವಳ ಕೋಣೆಯ ಗೋಡೆ ತಿಳಿನೀಲಿಯಾಗಿ, ಎಷ್ಟು ಚೆನ್ನಾಗಿತ್ತು!

ಆಸ್ಪತ್ರೆಯಲ್ಲಿ ಏನಾಯಿತು ಎಂದು ನನಗೆ ಯಾರೂ ಹೇಳಿಲ್ಲ. ನೀವು ಬರೆಯಲೇಬೇಕು.

ಇಲ್ಲಿ ಆದದ್ದನ್ನು ನಾನು ಹೇಳುತ್ತೇನೆ. ಆಫೀಸಿಗೆ ಬಂದು ಕೋಗಿಲಿನಲ್ಲಿ ಮಲೇರಿಯದಿಂದ ಸಾವಾಗಿದೆ ಎಂದು ಬರೆದುಕೊಟ್ಟೆ. ಸಾಹೇಬರು ಓದಿದರು. "ಆಸ್ಪತ್ರೆಯವರು ಬಸುರಿನ ನಂಜು ಎಂದು ಬರೆದಿದ್ದಾರೆ. ನಾವು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಅಲ್ಲಿ ಮಲೇರಿಯ ಇಲ್ಲವಲ್ಲ" ಎಂದರು. ನಾನು ಕೂಗಾಡಿಬಿಟ್ಟೆ. ಗುಮಾಸ್ತರೆಲ್ಲ ಎದ್ದು ನಿಂತರು. ಅವಳು ನನ್ನ ಸ್ಲೇಟು ಒಡೆದವಳು, ಅವಳ ಹೆಸರು ಮಾರಕ್ಕ, ನಿಮ್ಮ ವರದಿಯಲ್ಲಿ ಇಲ್ಲ ಅಂದಮಾತ್ರಕ್ಕೆ ಅವಳು ಇಲ್ಲವೇ ಎಂದು ಏನೇನೋ ಅಂದೆ. ಡಾಕ್ಟರಮ್ಮನಿಗೆ ಎರಡು ದಿನ ರಜೆ ಕೊಡಿ ಎಂದರು ಸಾಹೇಬರು.

ಸಾಕು. ನಾನು ಕೆಲಸ ಬಿಡುತ್ತೇನೆ. ನೀವು ಅಂದದ್ದೇ ಸರಿ. ಗೋಡೆ ನೋಡುವವರಿಗೆ ಮನುಷ್ಯರು ಕಾಣುವುದಿಲ್ಲ. ರಾಜೀನಾಮೆ ಬರೆದು ಇಟ್ಟಿದ್ದೇನೆ. ಕುರ್ಚಿಯ ಮೇಲಿನ ಬೆಕ್ಕನ್ನು ಎಬ್ಬಿಸಿ.

ಕಿಟ್ಟಮ್ಮ

*

ಯಲಹಂಕ
2 ಜುಲೈ 1961

ಕಿಟ್ಟಮ್ಮ,

ಕೇಳಿದ್ದೀಯ, ಬರೆಯುತ್ತೇನೆ. ಇದನ್ನು ಬರೆಯಲು ಮೂರು ಸಲ ಕೂತು ಎದ್ದಿದ್ದೇನೆ.

ಖಾದರ್ ಬಾಷಾ ಕುದುರೆಯ ಬಾಯಲ್ಲಿ ನೊರೆ ಬರುವ ಹಾಗೆ ಓಡಿಸಿದ. ಹೆಬ್ಬಾಳದ ಕೆರೆ ಏರಿಯ ಮೇಲೆ ಮಾರಕ್ಕನಿಗೆ ಮೊದಲ ಸಲ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬ ಇದ್ದ, ಬುದ್ಧಿವಂತನೇ. ನಾನು ಬರೆದುಕೊಂಡು ಹೋದ ಚೀಟಿ ಓದಿದ, ಕೆಳಗೆ ಎಲ್.ಎಂ.ಪಿ. ಎಂದು ನನ್ನ ಹಳೇ ಕಾಲದ ಸಣ್ಣ ಡಿಪ್ಲೊಮಾ ಇರುವುದನ್ನೂ ಓದಿದ. ಮಡಿಸಿ ಮೇಜಿನ ಮೇಲಿಟ್ಟ. ಬಸುರಿ, ಫಿಟ್ಸು. ಹಾಗಾದರೆ ಬಸುರಿನ ನಂಜೇ ಅಂದ. ನಾನು ಬೇಡಿಕೊಂಡೆ. "ಸ್ವಾಮಿ, ಇದು ಚಳಿಜ್ವರ, ಒಂದು ತೊಟ್ಟು ರಕ್ತ ನೋಡಿ" ಅಂದೆ. ಅವನು ಗೋಡೆಯ ಮೇಲಿನ ನಕ್ಷೆ ತೋರಿಸಿದ. ನಿಮ್ಮ ಇಲಾಖೆಯ ನಕ್ಷೆ! ಯಲಹಂಕದ ಸುತ್ತ ಹಸಿರು ಬಣ್ಣ ಬಳಿದಿತ್ತು. "ಆ ಕಡೆ ಮಲೇರಿಯ ಇಲ್ಲ ಅಂತ ಸರ್ಕಾರವೇ ಹೇಳಿದೆಯಲ್ಲ ಡಾಕ್ಟರೇ" ಅಂದ. ನನ್ನನ್ನು ವಾರ್ಡಿನ ಹೊರಗೆ ಕೂರಿಸಿದರು. ನಾನು ಶುರು ಮಾಡಿದ್ದ ಕ್ವಿನೈನನ್ನು ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಅವಳ ಗಂಡ ಬೈರಣ್ಣ ಹೊರಗೆ ಬಂದು ನನ್ನ ಪಕ್ಕ ಕೂತ. ಮಾರಕ್ಕನ ಸೀರೆಯ ಗಂಟು ಅವನ ಕೈಯಲ್ಲಿತ್ತು. 

ಆ ಹುಡುಗನ ಮೇಲೆ ಎಗರಿ ಬೀಳಬೇಕು ಅನ್ನಿಸಿತ್ತು. ಈಗ ಯೋಚಿಸಿದರೆ ಅವನು ನಂಬಿದ್ದು ಆ ನಕ್ಷೆಯನ್ನು. ನಕ್ಷೆಗೆ ಹಸಿರು ಬಳಿದವನು ನಂಬಿದ್ದು ನಿಮ್ಮ ವರದಿಯನ್ನು. ವರದಿಯಲ್ಲಿ ಜ್ವರ ಇಲ್ಲ, ಯಾಕೆಂದರೆ ನನ್ನ ಗಾಜುಗಳನ್ನು ನಿಮ್ಮ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದರು. ಮಾರಕ್ಕನನ್ನು ಕೊಂದದ್ದು ಬರೀ ಸೊಳ್ಳೆಯಲ್ಲ. ಅವಳ ಕೋಣೆಯ ಗೋಡೆಗೆ ಅವಳ ಅತ್ತೆ ಸುಣ್ಣ ಬಳಿದಳು. ನೀವು ಇಡೀ ಸೀಮೆಗೇ ಸುಣ್ಣ ಬಳಿದಿರಿ.

ಇದನ್ನು ಓದಿ ನೀನು ಅಳುತ್ತೀಯ ಎಂದು ಗೊತ್ತು. ಅತ್ತು ಮುಗಿಸಿ ಮುಂದಿನದನ್ನು ಓದು.

ರಾಜೀನಾಮೆ ಹರಿದು ಹಾಕು. ಬಾ ಬಾ ಎಂದು ಕರೆದು ಕರೆದು ಮುನಿಸಿಕೊಂಡ ನಿನ್ನಪ್ಪನೇ ಹೇಳುತ್ತಿದ್ದೇನೆ, ಬರಬೇಡ. ನೀನು ಇಲ್ಲಿಗೆ ಬಂದರೆ ಈ ಶಾಪಿನಲ್ಲಿ ಇಬ್ಬರು ಡಾಕ್ಟರು ಆಗುತ್ತೇವೆ. ಅಷ್ಟೇ. ಇಬ್ಬರೂ ಸೇರಿ ಗಾಜು ಕಳಿಸುತ್ತೇವೆ, ಇಬ್ಬರದ್ದೂ ವಾಪಸು ಬರುತ್ತದೆ. ಆ ಆಫೀಸಿನಲ್ಲಿ ಮಾರಕ್ಕ ಅನ್ನುವ ಹೆಸರು ಗೊತ್ತಿರುವವಳು ನೀನೊಬ್ಬಳೇ. ನೀನೂ ಎದ್ದು ಬಂದರೆ ಅಲ್ಲಿ ಅವಳು ಇನ್ನೊಂದು ಸಲ ಸಾಯುತ್ತಾಳೆ. ನಾಲಗೆ ನೋಡದ ಡಾಕ್ಟರು ಎಂದು ನಿನ್ನನ್ನು ಅಂದೆನಲ್ಲ. ನಾಲಗೆ ನಾನು ನೋಡುತ್ತೇನೆ. ನಾನು ನೋಡಿದ್ದನ್ನು ಅವರ ಕಿವಿ ಹಿಂಡಿ ಕೇಳಿಸುವ ಕೆಲಸ ನಿನ್ನದು. ಕೂಗಾಡಿದೆಯಂತಲ್ಲ, ಒಳ್ಳೆಯದೇ ಮಾಡಿದೆ. ಮತ್ತೆ ಕೂಗಾಡು.

ಬೆಕ್ಕು ಅಲ್ಲೇ ಮಲಗಲಿ.

ಅಪ್ಪ

*

ಯಶವಂತಪುರ
19 ನವೆಂಬರ್ 1961

ಅಪ್ಪಾ,

ರಾಜೀನಾಮೆಯನ್ನು ಅವತ್ತೇ ಹರಿದೆ. ಇಷ್ಟು ದಿನ ಬರೆಯದೆ ಇದ್ದದ್ದು ಹೇಳಲು ಏನೂ ಇಲ್ಲದ್ದಕ್ಕೆ. ಬರೆದ ಅರ್ಜಿಗಳೆಲ್ಲ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದವು. ಈ ವರ್ಷವೂ ಮಾರ್ನಮಿಗೆ ಮುಂಚೆಯೇ ಔಷಧಿ ಹೊಡೆದದ್ದು ನಿಮಗೆ ಗೊತ್ತು. ಊರೂ ಸುಣ್ಣ ಬಳಿದುಕೊಂಡದ್ದು ಗೊತ್ತು. ಆದರೆ ಈ ಸಲ ಕೋಗಿಲಿನ ಕೆಲಸ ಸರಿಯಾಗಿ ಆಗಿದೆ ಎಂದು ಸಹಿ ಮಾಡಬೇಕಾದವಳು ನಾನು. ಮಾಡುವುದಿಲ್ಲ ಅಂದೆ. ಸಾಹೇಬರು ಕೋಪ ಮಾಡಿಕೊಂಡರು. ನೀವೇ ಬಂದು ಗೋಡೆ ನೋಡಿ, ನೋಡಿದ ಮೇಲೆ ಹೇಳಿ, ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ ಅಂದೆ. ನನ್ನ ಕಾಟ ತಡೆಯಲಾರದೆ ಮೊನ್ನೆ ಗುರುವಾರ ಜೀಪು ಹತ್ತಿದರು. ನೀವು ಅವತ್ತು ಜಕ್ಕೂರಿಗೆ ಹೆರಿಗೆಗೆ ಹೋಗಿದ್ದಿರಿ ಎಂದು ಅಮ್ಮ ಹೇಳಿದಳು.

ಆಫೀಸಿನಲ್ಲಿ ಸಾಕಿದ ಸೊಳ್ಳೆಗಳನ್ನು ಪಂಜರದಲ್ಲಿ ತೆಗೆದುಕೊಂಡು ಹೋಗಿದ್ದೆವು. ಒಂದು ಗಾಜಿನ ಬಟ್ಟಲಿಗೆ ಸೊಳ್ಳೆ ಬಿಟ್ಟು, ಬಟ್ಟಲನ್ನು ಗೋಡೆಗೆ ಕವುಚಿ ಅರ್ಧ ಗಂಟೆ ಹಿಡಿಯಬೇಕು. ಗೋಡೆಯಲ್ಲಿ ಔಷಧಿ ಇದ್ದರೆ ಸೊಳ್ಳೆ ಬೀಳುತ್ತದೆ. ಮೊದಲು ಪಟೇಲ ಚಿಕ್ಕಮಾರಯ್ಯನ ಮನೆ. ಸುಣ್ಣ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಸೊಳ್ಳೆಗಳು ಬಟ್ಟಲೊಳಗೆ ಹಾಡಿಕೊಂಡು ಓಡಾಡಿದವು. ಪಕ್ಕದ ಮನೆಯಲ್ಲೂ ಅಷ್ಟೆ. ಆಚೆ ಬೀದಿಯಲ್ಲೂ ಅಷ್ಟೆ. ಸಾಹೇಬರ ಮುಖ ಸಣ್ಣಗಾಗುತ್ತಾ ಬಂತು. ಈ ಔಷಧಿಯ ಡಬ್ಬಗಳಲ್ಲೇ ಏನೋ ಮೋಸವಿದೆ ಎಂದು ಗೊಣಗಿದರು.

ಆಗ ದೊಡ್ಡಮುನಿಯಮ್ಮನ ಮನೆಗೆ ಕರೆದುಕೊಂಡು ಹೋದೆ. ಅವಳು ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು. ಮಾರಕ್ಕನ ಕೋಣೆಯಲ್ಲಿ ಯುಗಾದಿಯ ನೀಲಿ ಮಾಸಿ, ಹೊಗೆ ಹಿಡಿದು, ಅದರ ಮೇಲೆ ಸೆಪ್ಟೆಂಬರಿನಲ್ಲಿ ಹೊಡೆದ ಔಷಧಿಯ ಬಿಳಿ ಕಲೆಗಳು ಹಾಗೆಯೇ ಇದ್ದವು. ಬಟ್ಟಲು ಕವುಚಿದೆ. ನಾನೇ ಹಿಡಿದುಕೊಂಡು ನಿಂತೆ. ಸೊಳ್ಳೆಗಳು ಒಂದೊಂದಾಗಿ ಬಿದ್ದವು. ಒಂದೂ ಏಳಲಿಲ್ಲ.

ಸಾಹೇಬರಿಗೆ ಹೋದ ಜೀವ ಬಂದ ಹಾಗಾಯಿತು. "ನೋಡಿದ್ರಾ! ಔಷಧಿಯಲ್ಲಿ ದೋಷ ಇಲ್ಲ" ಎಂದು ಹೊರಗೆ ಬಂದರು. ದೊಡ್ಡಮುನಿಯಮ್ಮನಿಗೆ ಕೈ ಮುಗಿದು, "ಊರಿನಲ್ಲಿ ನಿಮ್ಮದೊಂದೇ ತಿಳಿವಳಿಕೆಯ ಮನೆ ತಾಯಿ. ನಮ್ಮ ಕರಪತ್ರ ಓದಿಸಿಕೊಂಡಿರಬೇಕು. ಸುಣ್ಣ ಬಳಿಯದೆ ಬಿಟ್ಟಿದ್ದೀರಲ್ಲ, ಎಲ್ಲರೂ ನಿಮ್ಮಿಂದ ಕಲಿಯಬೇಕು" ಎಂದರು. ನನಗೆ ಅವರ ಬಾಯಿ ಮುಚ್ಚಬೇಕು ಅನ್ನಿಸಿತು. ಮುಚ್ಚಲಿಲ್ಲ. ಅವಳ ಉತ್ತರವನ್ನು ಅವರೇ ಕೇಳಲಿ ಎಂದು ಸುಮ್ಮನೆ ನಿಂತೆ.

ದೊಡ್ಡಮುನಿಯಮ್ಮ ಕೈಗೆ ಅಂಟಿದ ರಾಗಿಹೊಟ್ಟನ್ನು ಸೆರಗಿನಿಂದ ಒರೆಸಿಕೊಂಡಳು.

"ಸಾವಾದ ಮನೆ ಸ್ವಾಮಿ ಇದು. ಸೊಸೆ ಓದ್ಲು, ಒಟ್ಟೇಲಿದ್ದ ಕೂಸೂ ಓಯ್ತು. ವರ್ಸ ತುಂಬಗಂಟ ನಮ್ಗೆ ಅಬ್ಬ ಇಲ್ಲ, ಸುಣ್ಣ ಇಲ್ಲ. ಅದ್ಕೇ ಬಿಟ್ಟಿರದು." ಮೊರವನ್ನು ಮತ್ತೆ ಕೈಗೆತ್ತಿಕೊಂಡಳು. "ನಿಮ್ಮ ಔಷ್ದಿ ಗೋಡೇಲಿ ನಿಲ್ಬೇಕು ಅಂದ್ರೆ ಮನೆಗೊಂದು ಸಾವಾಗ್ಬೇಕಾ?"

ಸಾಹೇಬರು ತಲೆಯ ಮೇಲಿನ ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವಳು ರಾಗಿ ಕೇರುತ್ತಲೇ ಇದ್ದಳು. ನಾವು ಜೀಪು ಹತ್ತಿದೆವು.  ಯಶವಂತಪುರದಲ್ಲಿ ಇಳಿಯುವಾಗ ಅವರು ನನ್ನ ಮುಖ ನೋಡದೆ, "ಬರೋ ವರ್ಷ ಯುಗಾದಿ ಯಾವತ್ತಮ್ಮ?" ಎಂದು ಕೇಳಿದರು.

ಇಷ್ಟೇ, ಅಪ್ಪಾ. ಒಂದು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ. ಅವತ್ತು ಕೇಳಿದ್ದರೆ ಮಾರಕ್ಕನ ಕೂಸು ಇಷ್ಟು ಹೊತ್ತಿಗೆ ಬೋರಲು ಬೀಳುತ್ತಿತ್ತು. ಏಪ್ರಿಲ್ ಐದು ಎಂದು ಹೇಳಿದೆ. ಸರ್ಕಾರದ ವರ್ಷ ಮುಗಿದ ಮೇಲೆ ಬರುತ್ತದೆ, ಅಲ್ಲಿಯವರೆಗೆ ಈ ವರ್ಷದ ಡಿ.ಡಿ.ಟಿ. ಉಳಿಸಬೇಕಾಗುತ್ತದೆ ಎಂದೂ ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋದರು. ತಾರೀಖು ಬದಲಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬದಲಾಗುವವರೆಗೆ ಆ ಮನುಷ್ಯನನ್ನು ನಾನು ನೆಮ್ಮದಿಯಾಗಿ ಊಟ ಮಾಡಲು ಬಿಡುವುದಿಲ್ಲ. ಅವರ ಮೇಜಿನ ಮೇಲೆ ಒಂದು ಪಂಚಾಂಗ ತಂದಿಟ್ಟಿದ್ದೇನೆ. ಈ ಸಲ ಯಾರೂ ನಗಲಿಲ್ಲ.

ಬರುವ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಜ್ವರ ಇರುವವರ ಗಾಜುಗಳನ್ನು ಮಾಡಿಟ್ಟಿರಿ, ನಾನೇ ತೆಗೆದುಕೊಂಡು ಹೋಗುತ್ತೇನೆ. ಸ್ಟೇಷನ್ನಿಗೆ ಖಾದರ್ ಬಾಷಾನನ್ನು ಕಳಿಸಿ. ಮೊದಲು ಕೋಗಿಲಿಗೆ ಹೋಗಿ ದೊಡ್ಡಮುನಿಯಮ್ಮನ ಹತ್ತಿರ ಸ್ವಲ್ಪ ಹೊತ್ತು ಕೂತು, ಆಮೇಲೆ ಮನೆಗೆ ಬರುತ್ತೇನೆ.

ನಿಮ್ಮ
ಕಿಟ್ಟಮ್ಮ